ಬಿರುಗಾಳಿ ನಿಂತಿತು, ವ್ಯಾಪಾರ ನಿಲ್ಲಲಿಲ್ಲ

ಪ್ರಶ್ನೆ: ಇಂಗ್ಲೆಂಡಿನ ಪಾದ್ರಿ ಜಾನ್ ನ್ಯೂಟನ್ ಮೊದಲು ಗುಲಾಮರ ಹಡಗಿನ ಕ್ಯಾಪ್ಟನ್ ಆಗಿದ್ದರಂತೆ. ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಗುಲಾಮರನ್ನೆಲ್ಲ ಬಿಡುಗಡೆ ಮಾಡಿ, ಅದೇ ರಾತ್ರಿ ‘ಅಮೇಜಿಂಗ್ ಗ್ರೇಸ್’ ಎಂಬ ಕ್ರೈಸ್ತ ಭಕ್ತಿಯ ಹಾಡು ಬರೆದರಂತೆ. ನಿಜವೇ?

ಉತ್ತರ: ನಿಜವಲ್ಲ. ಈ ಕತೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲೇ ಇದೆ, ನಾನು ಅಲ್ಲಗಳೆಯುತ್ತಲೇ ಇದ್ದೇನೆ.

ಬಿರುಗಾಳಿ ಮಾತ್ರ ನಿಜ. ಅದು 1748ರ ಮಾರ್ಚ್. ನ್ಯೂಟನ್‌ಗೆ ಆಗ 22 ವರ್ಷ, ಕ್ಯಾಪ್ಟನ್ ಅಲ್ಲವೇ ಅಲ್ಲ. ‘ಗ್ರೇಹೌಂಡ್’ ಹಡಗಿನಲ್ಲಿ ಆಫ್ರಿಕಾದಿಂದ ಊರಿಗೆ ವಾಪಸಾಗುತ್ತಿದ್ದರು. ಅದರಲ್ಲಿದ್ದ ಸರಕು ಜೇನುಮೇಣ, ದಂತ, ಬಣ್ಣ ತಯಾರಿಸಲು ಬಳಸುವ ಮರ. ಗುಲಾಮರು ಇರಲೇ ಇಲ್ಲ, ಬಿಡುಗಡೆ ಯಾರನ್ನು ಮಾಡೋದು? ಒಳಗೆ ನುಗ್ಗಿದ ನೀರನ್ನು ಗಂಟೆಗಟ್ಟಲೆ ಪಂಪ್ ಮಾಡಿ ಹೊರಗೆ ಹಾಕಿದರು, ಪ್ರಾರ್ಥನೆಯನ್ನೂ ಮಾಡಿದರು. ಮೇಣ, ಮರ ಹಗುರವಾಗಿದ್ದದ್ದೂ ಹಡಗನ್ನು ಉಳಿಸಿತು.

ಆಮೇಲೇನು ಮಾಡಿದರು? ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಕೆಲಸಕ್ಕೆ ಸೇರಿದರು! 1750ರಿಂದ 1754ರವರೆಗೆ ಕ್ಯಾಪ್ಟನ್ ಆಗಿ ಮೂರು ಸಲ ಗುಲಾಮರನ್ನು ಸಾಗಿಸಿದರು. ಭಾನುವಾರ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದರು, ಬಿಡುವಿನಲ್ಲಿ ಲ್ಯಾಟಿನ್ ಕಲಿಯುತ್ತಿದ್ದರು. ಕೆಳಗೆ ಜನ ಸಂಕೋಲೆಯಲ್ಲಿದ್ದರು. ಗುಲಾಮರು ದಂಗೆ ಏಳುತ್ತಾರೆಂಬ ಸುಳಿವು ಸಿಕ್ಕಿದಾಗ, ಬಾಯಿ ಬಿಡಿಸಲು ಹುಡುಗರ ಹೆಬ್ಬೆರಳಿಗೆ ತಿರುಪಿನ ಪಟ್ಟಿ ಬಿಗಿಸಿದ್ದನ್ನು ತಮ್ಮ ದಿನಚರಿಯಲ್ಲೇ ಬರೆದಿಟ್ಟಿದ್ದಾರೆ. ಭಾಷಣ ಮಾಡುವವರು ಈ ಪುಟಕ್ಕೆ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾರೆ.

1754ರಲ್ಲಿ ಕಡಲು ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿದ್ದಕ್ಕಲ್ಲ. ಮತ್ತೆ ಹೊರಡುವ ತಯಾರಿಯಲ್ಲಿದ್ದಾಗ, ಹೆಂಡತಿ ಜೊತೆ ಟೀ ಕುಡಿಯುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿದರು. ಡಾಕ್ಟರು ಪ್ರಯಾಣ ಬೇಡವೆಂದರು, ಅಷ್ಟೇ. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಕೆಲಸ ಹಿಡಿದರು. ಓಲ್ನಿ ಊರಿನ ಪಾದ್ರಿಯಾದದ್ದು 1764ರಲ್ಲಿ. ಆ ಹಾಡು 1773ರ ಹೊಸ ವರ್ಷದ ಆರಾಧನೆಗೆ ಬಂದದ್ದು, ಅಂದರೆ ಬಿರುಗಾಳಿಯಾಗಿ ಸುಮಾರು 25 ವರ್ಷಕ್ಕೆ. ಗುಲಾಮ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಆ ಕೆಲಸದಲ್ಲಿದ್ದಾಗ ಅದು ತಪ್ಪೆಂದು ತಮಗೆ ಅನ್ನಿಸಿರಲೇ ಇಲ್ಲವೆಂದು ಅದರಲ್ಲಿ ಒಪ್ಪಿಕೊಂಡಿದ್ದಾರೆ. ತಡವಾದರೂ ಆ ಬರಹಕ್ಕೆ ತೂಕವಿತ್ತು. ಹಡಗಿನೊಳಗಿನ ನರಕವನ್ನು ಕಣ್ಣಾರೆ ಕಂಡ ಕ್ಯಾಪ್ಟನ್ ಅದನ್ನು ಬರೆದಿದ್ದರು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲಿ ನ್ಯೂಟನ್ ತೀರಿಕೊಂಡರು.

ಸಭೆಯಲ್ಲಿ ಈ ಕತೆ ಹೇಳುವವರು ದಯವಿಟ್ಟು ನಡುವಿನ ಆ 40 ವರ್ಷವನ್ನು ನುಂಗಬೇಡಿ. ಒಂದೇ ರಾತ್ರಿಯಲ್ಲಿ ಬದಲಾದರು ಅನ್ನುವುದು ಕೇಳೋದಕ್ಕೆ ಚೆನ್ನ, ಆದರೆ ಹೆಬ್ಬೆರಳಿಗೆ ತಿರುಪು ಬಿಗಿಸಿಕೊಂಡ ಆ ಹುಡುಗರ ಲೆಕ್ಕ ಯಾರು ಇಡೋದು?

ಪ್ರಶ್ನೆ: ಹಾಡಿನ ಧಾಟಿ ಗುಲಾಮರಿಂದ ಕದ್ದದ್ದಂತೆ?

ಉತ್ತರ: ಪುರಾವೆ ತೋರಿಸಿ. ಈಗಿನ ಧಾಟಿಗೆ ಸಾಲುಗಳು ಸೇರಿದ್ದು ಅಮೆರಿಕದಲ್ಲಿ, 1835ರಲ್ಲಿ.

ಪ್ರಶ್ನೆ: ಗುಲಾಮ ವ್ಯಾಪಾರದ ವಿರುದ್ಧ ಹೋರಾಡಿದ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್‌ಗೆ ರಾಜಕೀಯ ಬಿಡುವಂತೆ ಇವರೇ ಹೇಳಿದರಾ?

ಉತ್ತರ: ಉಲ್ಟಾ. 1785ರ ಡಿಸೆಂಬರ್‌ನಲ್ಲಿ ಆ ಸಂಸದ ನ್ಯೂಟನ್ ಮನೆಗೆ ಗುಟ್ಟಾಗಿ ಬಂದು, ಬಾಗಿಲು ತಟ್ಟಲು ಧೈರ್ಯ ಸಾಲದೆ ಚೌಕದಲ್ಲಿ ಒಂದೆರಡು ಸುತ್ತು ಹಾಕಿದ್ದರು. ಪಾರ್ಲಿಮೆಂಟಿನಲ್ಲೇ ಇರಿ ಎಂದರು ನ್ಯೂಟನ್.

ಪ್ರಶ್ನೆ: ಈ ಹಾಡು 40 ದಿನ ಹಾಡಿ, ಮಂತ್ರಿಸಿದ ಎಣ್ಣೆ ಹಚ್ಚಿದರೆ ಕುಡಿತ ಬಿಡುತ್ತದೆಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ. ಕುಡಿಯುವವರನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಡು ಬೇಕಿದ್ದರೆ ಸುಮ್ನೆ ಹಾಡಿ, ಬಿಟ್ಟಿ.

ಪ್ರಶ್ನೆ: ಸೇಬು ಬಿದ್ದದ್ದನ್ನು ನೋಡಿದ ನ್ಯೂಟನ್ ಇವರೇನಾ?

ಉತ್ತರ: ಅವರು ಐಸಾಕ್. ಅವರು ಸತ್ತಾಗ ನಮ್ಮ ಜಾನ್‌ಗೆ ಎರಡು ವರ್ಷವೂ ತುಂಬಿರಲಿಲ್ಲ.