ಒಳ್ಳೆಯವರೇ ರಾಶಿಗೆ ಗೊರಬಲು ಬೆರೆಸುವುದೇಕೆ?

ಸಾಗರದ ಕಡೆ ಬೆಳೆಗಾರರೆಲ್ಲ ಸೇರಿ ಒಟ್ಟಿಗೆ ಅಡಿಕೆ ಮಾರುವ ಗುಂಪು ನಿಮ್ಮದು. ಊರಲ್ಲಿ ನಂಬಿಕಸ್ಥರು ಎನಿಸಿಕೊಂಡವರೇ ರಾಶಿ (ಹೆಚ್ಚು ದರದ ಅಡಿಕೆ) ಚೀಲದ ತಳಕ್ಕೆ ಗೊರಬಲು (ಕಡಿಮೆ ದರದ ಅಡಿಕೆ) ಹಾಕಿ ತರುತ್ತಾರೆ, ಯಾಕೆ ಎಂದು ಕೇಳಿದ್ದೀರಿ. ಅವರ ಗುಣ ಅಳೆಯುವ ಮೊದಲು ನಿಮ್ಮ ಗೋದಾಮಿನಲ್ಲಿ ಚೀಲ ಇಳಿಸಿಕೊಳ್ಳುವ ರೀತಿಯನ್ನು ನೋಡಿ ಎನ್ನುತ್ತೇನೆ.

ನಷ್ಟ ಯಾರಿಗೆ ಆಗುತ್ತದೋ ಅವರು ಕಣ್ಣಿಗೆ ಬೀಳದಿದ್ದರೆ ಕೈ ಸಲೀಸಾಗಿ ತಪ್ಪುತ್ತದೆ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟಾನ್ಲಿ ಮಿಲ್‌ಗ್ರಾಂ ಶುರುಮಾಡಿದ ಪ್ರಯೋಗಗಳಲ್ಲಿ ಇದು ಎದ್ದು ಕಾಣುತ್ತದೆ. ಪ್ರಯೋಗಕ್ಕೆ ಬಂದವರು, ಮೇಲ್ವಿಚಾರಕ ಹೇಳಿದಂತೆ, ತಪ್ಪು ಉತ್ತರ ಹೇಳಿದವನಿಗೆ ವಿದ್ಯುತ್ ಶಾಕ್ ಕೊಡಬೇಕು (ಶಾಕ್ ಸುಳ್ಳು, ಆದರೆ ಕೊಡುವವರಿಗೆ ಅದು ಗೊತ್ತಿರಲಿಲ್ಲ). ಅವನು ಪಕ್ಕದ ಕೋಣೆಯಲ್ಲಿದ್ದಾಗ 40 ಮಂದಿಯಲ್ಲಿ 26 ಮಂದಿ ಗರಿಷ್ಠ ಮಟ್ಟವಾದ 450 ವೋಲ್ಟ್‌ವರೆಗೂ ಹೋದರು. ಅವನ ಕೈ ಹಿಡಿದು ತಾವೇ ಶಾಕ್ ಫಲಕದ ಮೇಲೆ ಒತ್ತಬೇಕಾಗಿ ಬಂದಾಗ 12 ಮಂದಿ. ಜೊತೆಗಿದ್ದ ಇಬ್ಬರು 'ಇನ್ನು ಒಲ್ಲೆ' ಎಂದು ಎದ್ದಾಗ ಬರೀ 4. ಈ ಕೊನೆಯ ಲೆಕ್ಕವೇ ನಿಮಗೆ ಮುಖ್ಯ: ಪಕ್ಕದ ತೋಟದವನು ಬೆರೆಸುತ್ತಾನೆಂದು ಗೊತ್ತಾದರೆ ಉಳಿದವರೂ ಬೆರೆಸುತ್ತಾರೆ, ಇಬ್ಬರು ಬಹಿರಂಗವಾಗಿ ನಿಲ್ಲಿಸಿದರೆ ಹಲವರು ನಿಲ್ಲಿಸುತ್ತಾರೆ.

ಹಾಗಾಗಿ ಚೀಲಕ್ಕೆ ನಂಬರು ಮತ್ತು ಬೆಳೆಗಾರರ ಹೆಸರಿನ ಚೀಟಿ ಹಾಕಿ, ಮಾರಾಟ ಮುಗಿಯುವವರೆಗೂ ಅದನ್ನು ತೆಗೆಯಬೇಡಿ. ಎಲ್ಲರ ಅಡಿಕೆ ಒಂದೇ ಗುಡ್ಡೆಗೆ ಸುರಿದ ಕ್ಷಣದಲ್ಲಿ ಯಾರದು ಯಾವುದು ಎಂಬುದೇ ಅಳಿಸಿಹೋಗುತ್ತದೆ, ಬೆರಕೆಗೆ ಧೈರ್ಯ ಬರುವುದು ಅಲ್ಲೇ. ಬೆಳೆಗಾರರ ಎದುರಿಗೇ, ಇನ್ನಿಬ್ಬರು ಸದಸ್ಯರನ್ನು ನಿಲ್ಲಿಸಿಕೊಂಡು, ಚೀಲವನ್ನು ಟಾರ್ಪಾಲಿನ ಮೇಲೆ ಸುರಿಯಿರಿ. ಮೇಲಿನದು, ನಡುವಿನದು, ತಳದ್ದು ಸೇರಿಸಿ ಅರ್ಧ ಕೆಜಿ ತೂಗಿ ಆರಿಸಿ. 40 ಗ್ರಾಂ ಗೊರಬಲು ಸಿಕ್ಕರೆ ಶೇ. 8 ಎಂದು ಅವರ ಚೀಟಿಯಲ್ಲೇ ಬರೆಯಿರಿ. ಆ ಇಬ್ಬರು ಪ್ರತಿ ವಾರ ಬದಲಾಗಲಿ, ಇಲ್ಲದಿದ್ದರೆ ದಾಕ್ಷಿಣ್ಯ ಬೆಳೆಯುತ್ತದೆ. ಸಂಜೆ ಲಾರಿ ಹೊರಡುವ ಹೊತ್ತಿಗೆ ಈ ಕೆಲಸ ಇಟ್ಟುಕೊಳ್ಳಬೇಡಿ. ಅವಸರದಲ್ಲಿ ನೋಡುವವರೂ ನೋಡದ ಹಾಗೆ ಬಿಡುತ್ತಾರೆ.

ಸಣ್ಣ ದಂಡ ಮಾತ್ರ ಖಂಡಿತ ಬೇಡ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿ ನೋಡಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಡವಾಗಿ ಬರುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. ಅಲ್ಲಿಯವರೆಗೆ ಸಂಕೋಚ ತಡೆಯುತ್ತಿತ್ತು. ದಂಡ ಬಂದ ಮೇಲೆ ದುಡ್ಡು ಕೊಟ್ಟು ತಡಮಾಡಬಹುದು ಎಂದಾಯಿತು. ಚೀಲಕ್ಕೆ ನೂರು ರೂಪಾಯಿ ದಂಡ ಇಟ್ಟರೆ ನಿಮ್ಮಲ್ಲೂ ಅದು ಬೆರಕೆಯ ಬೆಲೆಯಾಗುತ್ತದೆ. ಅದರ ಬದಲು ಚೀಟಿಯಲ್ಲಿ ಬರೆದಷ್ಟು ಪಾಲಿಗೆ ಗೊರಬಲಿನ ದರ, ಉಳಿದದ್ದಕ್ಕೆ ರಾಶಿಯ ದರ ಕಟ್ಟಿ, ಆ ಲೆಕ್ಕವನ್ನು ಎಲ್ಲರ ಹೆಸರಿನೊಂದಿಗೆ ಗೋದಾಮಿನ ಬೋರ್ಡಿನಲ್ಲಿ ಹಾಕಿ.