ಹೊಳೆ ಸಾಕು, ಗೊಂಪಾ ಯಾಕೆ?

ಓದುಗರೊಬ್ಬರ ಪತ್ರ: "ಜುಲೈನಲ್ಲಿ ಗೆಳೆಯರೆಲ್ಲ ಲಡಾಖ್‌ನ ಝನ್ಸ್ಕಾರ್‌ಗೆ ಹೊರಟಿದ್ದೇವೆ. ಆರು ದಿನದಲ್ಲಿ ರಾಫ್ಟಿಂಗ್, ಒಂದು ಟ್ರೆಕ್ ಮುಗಿಸಬೇಕು. ಗೊಂಪಾ (ಬೌದ್ಧ ಮಠ), ಹಳ್ಳಿ ಎಲ್ಲ ಬಿಟ್ಟರೆ ನಷ್ಟವೇನಾದರೂ ಇದೆಯಾ?"

ಮುಚ್ಚುಮರೆ ಇಲ್ಲದೆ ಕೇಳಿದ್ದೀರಿ, ಅದು ಇಷ್ಟವಾಯಿತು. ಆದರೆ 'ಮುಗಿಸಬೇಕು' ಅಂದಿರಲ್ಲ, ಅದು ಚುಚ್ಚಿತು.

ರಾಫ್ಟಿಂಗ್ ಬೇಡ ಅನ್ನುವುದಿಲ್ಲ. ಚಿಲ್ಲಿಂಗ್‌ನಿಂದ ಹೊರಟು, ನಿಮೂ ಹತ್ತಿರ ಝನ್ಸ್ಕಾರ್ ನದಿ ಹೋಗಿ ಸಿಂಧೂವನ್ನು ಸೇರುವ ತನಕ ತೇಲುವುದು ಮಜವೇ. ನಾನೂ ಒಮ್ಮೆ ತೇಲಿದವನು. ಏನು ನೆನಪಿದೆ ಗೊತ್ತಾ? ಮುಂದೆ ಕೂತವರ ಹೆಲ್ಮೆಟ್ಟು.

ಆ ಹೊಳೆ ಅಲ್ಲಿಯವರಿಗೆ ಏನು ಅಂತ ಗೊತ್ತಾಗಿದ್ದು ಒಬ್ಬರ ಮನೆಯಲ್ಲಿ ಬೆಣ್ಣೆ ಚಹಾ ಕುಡಿಯುತ್ತಾ ಕೂತಾಗ. ಚಳಿಗಾಲದಲ್ಲಿ ಪೆನ್ಸಿ ಲಾ ಕಣಿವೆದಾರಿ ಹಿಮದಲ್ಲಿ ಮುಚ್ಚಿದರೆ ಹೆಪ್ಪುಗಟ್ಟಿದ ನದಿಯೇ ಅವರಿಗೆ ರಸ್ತೆಯಾಗಿತ್ತು. ಅದೇ ಚಾದರ್. ಬೆಣ್ಣೆ ಹೊತ್ತು ಲೇಹ್‌ಗೆ ಮಾರಲು ಹೋಗುತ್ತಿದ್ದದ್ದು, ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದದ್ದು ಆ ಮಂಜುಗಡ್ಡೆಯ ಮೇಲೆ. ಝನ್ಸ್ಕಾರ್ ಮೂಲಕ ಹಾಯುವ ನಿಮೂ-ಪದುಮ್-ದಾರ್ಚಾ ರಸ್ತೆ, 298 ಕಿಲೋಮೀಟರ್, ಕೂಡಿಕೊಂಡದ್ದೇ 2024ರಲ್ಲಿ. ಇನ್ನೊಂದು ವಿಚಿತ್ರ: ಅಷ್ಟು ದೊಡ್ಡ ಹೊಳೆ ಕೆಳಗೆ ಭೋರ್ಗರೆಯುತ್ತಿದ್ದರೂ ಹೊಲಕ್ಕೆ ನೀರು ಬರುವುದು ಮೇಲಿನ ಹಿಮ ಕರಗಿ ಹರಿಯುವ ಸಣ್ಣ ತೊರೆಗಳಿಂದ. ಕುಮಿಕ್ ಅನ್ನುವ ಹಳ್ಳಿಯ ತೊರೆ ಬತ್ತುತ್ತಾ ಬಂದು, ಜನ ಊರನ್ನೇ ಬಿಟ್ಟು ಕೆಳಗೆ ಇಳಿಯಬೇಕಾಯಿತು. ದೋಣಿಯಲ್ಲಿ ಕೂತವರಿಗೆ ಇದೆಲ್ಲ ಕಾಣುವುದಿಲ್ಲ ಬಿಡಿ.

ಸಾಹಸ ಅಂದರೆ ನನಗೆ ನೆನಪಾಗುವುದು ಚೋಮಾ ಎಂಬ ಹಂಗೇರಿಯವ. ತನ್ನ ಜನರ ಮೂಲ ಹುಡುಕುತ್ತಾ ಏಷ್ಯಾಕ್ಕೆ ಬಂದವನು 1823ರಲ್ಲಿ ಝನ್ಸ್ಕಾರ್‌ನ ಝಂಗ್ಲಾ ಹಳ್ಳಿ ಸೇರಿದ. ಬೆಂಕಿಯೂ ಇಲ್ಲದ ಪುಟ್ಟ ಕೋಣೆಯಲ್ಲಿ, ಲಾಮಾ ಒಬ್ಬರ ಜೊತೆ ವರ್ಷಕ್ಕೂ ಜಾಸ್ತಿ ಕೂತು ಟಿಬೆಟನ್ ಪದಗಳನ್ನು ಒಂದೊಂದಾಗಿ ಬರೆದುಕೊಂಡ. 1834ರಲ್ಲಿ ಕಲ್ಕತ್ತೆಯಲ್ಲಿ ಅವನ ನಿಘಂಟು ಅಚ್ಚಾಯಿತು. ಆ ಕೋಣೆಯಲ್ಲಿ ಒಂದು ರಾತ್ರಿ ಕೂತಿರಿ ಅಂದರೆ ನಿಮ್ಮ ಗೆಳೆಯರಲ್ಲಿ ಎಷ್ಟು ಜನ ಒಪ್ಪುತ್ತಾರೆ?

ತಪ್ಪು ನಿಮ್ಮೊಬ್ಬರದಲ್ಲ. ಈಗ ಎಲ್ಲವನ್ನೂ ಮುಗಿಸುವ ಕಾಲ. ಗೊಂಪಾದಲ್ಲಿ ಮುಖವಾಡದ ಕುಣಿತ ನಡೆಯುತ್ತಿದ್ದರೆ ಎದುರಿಗೆ ಬರೀ ಫೋನುಗಳು. ನನಗೆ ಬರುವ ಪತ್ರಗಳಲ್ಲೂ ಅದೇ ರಾಗ: ಪ್ರವಾಸ ಲೇಖನ ಎರಡು ಪುಟ ದಾಟಬಾರದು, ಫೋಟೋ ಜಾಸ್ತಿ ಹಾಕಿ, ಖರ್ಚಿನ ಪಟ್ಟಿ ಕೊಡಿ. ಪಟ್ಟಿ ಕೊಟ್ಟೆವು ಅನ್ನಿ, ಲೇಖನ ಓದುವವರು ಯಾರು? ಇರಲಿ, ಇದು ನನ್ನ ಹಳೆಯ ಗೋಳು.

ನಿಮ್ಮ ಲೆಕ್ಕಕ್ಕೆ ಬರೋಣ. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಇಳಿದರೆ ಮೊದಲ ಎರಡು ದಿನ ಸುಮ್ನೆ ಬಿದ್ದುಕೊಂಡಿರಬೇಕು. ಉಳಿಯುವುದು ನಾಲ್ಕೇ ದಿನ. ಟ್ರೆಕ್ ಬಿಡಿ. ರಾಫ್ಟಿಂಗ್‌ಗೆ ಒಂದು ದಿನ ಕೊಡಿ. ಮಿಕ್ಕ ದಿನ ಕರ್ಶಾದಲ್ಲೋ ಝಂಗ್ಲಾದಲ್ಲೋ ಯಾರದಾದರೂ ಮನೆಯಲ್ಲಿ ಉಳಿಯಿರಿ. ಕರ್ಶಾ ಗೊಂಪಾದ ಗುಸ್ತೋರ್ ಹಬ್ಬ ಸಾಮಾನ್ಯವಾಗಿ ಜುಲೈನಲ್ಲೇ ಬರುತ್ತದೆ, ದಿನ ವಿಚಾರಿಸಿಕೊಳ್ಳಿ. ಭಾಷೆಯ ಭಯ ಬೇಡ, 'ಜುಲೇ' ಒಂದು ಗೊತ್ತಿದ್ದರೆ ನಡೆಯುತ್ತದೆ. ನಮಸ್ಕಾರಕ್ಕೂ ಅದೇ, ಥ್ಯಾಂಕ್ಸಿಗೂ ಅದೇ, ಹೋಗಿಬರುತ್ತೇನೆ ಅನ್ನುವುದಕ್ಕೂ ಅದೇ.