‘ನೋ ಡಿಸ್ಕ್’ ಅಂದ ಮಾತ್ರಕ್ಕೆ ಎಸೆಯಬೇಡಿ

ಗದಗಿನಿಂದ ಕೇಳಿದವರಿಗೆ: ಹಳೇ ಸೋನಿ ಪ್ಲೇಯರ್ ಭೀಮಸೇನ ಜೋಶಿಯವರ ಕಂಪನಿ ಸಿಡಿ ಓದುತ್ತದೆ, ಮನೆಯಲ್ಲಿ ಬರ್ನ್ ಮಾಡಿದ್ದಕ್ಕೆ ‘ನೋ ಡಿಸ್ಕ್’ ಅನ್ನುತ್ತದೆ ಎಂದಿರಿ. ಬರ್ನ್ ಮಾಡಿದ ಡಿಸ್ಕ್ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಹಾಗಾಗಿ ಲೆನ್ಸ್‌ಗೆ ಧೂಳು ಕೂತಿರಬೇಕು, ಇಲ್ಲವೇ ಲೇಸರ್ ಸೊರಗಿರಬೇಕು.

ನಿಮ್ಮೂರಿನ ಬೇಸಿಗೆ ಗಾಳಿ ಗೊತ್ತಲ್ಲ, ಮೊದಲು ಧೂಳನ್ನೇ ಅನುಮಾನಿಸಿ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಹತ್ತಿಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಗುರವಾಗಿ ಒರೆಸಿ. ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ, ಲೆನ್ಸ್ ಪ್ಲಾಸ್ಟಿಕ್ಕಿನದು.

ಆಗಲೂ ಓದದಿದ್ದರೆ ಪಿಕಪ್ (ಲೇಸರ್, ಲೆನ್ಸ್ ಇರುವ ಭಾಗ) ಮೇಲಿನ ನಂಬರಿನ ಫೋಟೋ ತೆಗೆದುಕೊಂಡೇ ಹುಬ್ಬಳ್ಳಿಗೆ ಹೋಗಿ. ಕೆಎಸ್ಎಸ್-213 ಸರಣಿಯದಾದರೆ ರಿಪೇರಿಯೇ ಸರಿ, ಮೋಟಾರ್ ಸಮೇತ ಪೂರಾ ಮೆಕ್ಯಾನಿಸಂ ಈಗಲೂ ಸಿಗುತ್ತದೆ. ಹೊಸ ಪಿಕಪ್ ಮೇಲೆ ಸ್ಥಿರವಿದ್ಯುತ್ತಿನಿಂದ ಕಾಪಾಡಲು ಚಿಕ್ಕ ಬೆಸುಗೆ ಚುಕ್ಕೆ ಇರುತ್ತದೆ. ರಿಬ್ಬನ್ ಕೇಬಲ್ ಜೋಡಿಸಿದ ಮೇಲೆ ಅದನ್ನು ತೆಗೆಯಲೇಬೇಕು. ಮರೆತರೆ ಹೊಸದೂ ‘ನೋ ಡಿಸ್ಕ್’ ಅನ್ನುತ್ತದೆ, ಬೈಗುಳ ಅಂಗಡಿಯವನಿಗೆ! ಪುಟ್ಟ ಸ್ಕ್ರೂ ತಿರುಗಿಸಿ ಲೇಸರ್ ಕರೆಂಟ್ ಏರಿಸುತ್ತೇನೆ ಅನ್ನುವವರಿಗೆ ಕೊಡಬೇಡಿ. ನಾಲ್ಕು ದಿನ ಹಾಡಿ ಪೂರ್ತಿ ಸಾಯುತ್ತದೆ.

ಟ್ರೇ ಸಿಕ್ಕಿಕೊಳ್ಳುವುದು ಹೆಚ್ಚಾಗಿ ರಬ್ಬರ್ ಬೆಲ್ಟ್ ಸಮಸ್ಯೆ. ಆ ಪಿಕಪ್ಪೇ ಸಿಗದಿದ್ದರೆ ಮಾತ್ರ ಪ್ಲೇಯರ್ ಬದಲಿಸಿ. ಡಿಜಿಟಲ್ ಔಟ್ (ಧ್ವನಿಯನ್ನು ಡಿಜಿಟಲ್ ರೂಪದಲ್ಲೇ ಹೊರಗೆ ಕಳಿಸುವ ಸಾಕೆಟ್) ಇರುವ ಸೆಕೆಂಡ್ ಹ್ಯಾಂಡ್ ಡಿವಿಡಿ ಪ್ಲೇಯರ್ ಸಾಕು.